ಜಾಲಪುಟಗಳಲ್ಲಿ ಕೈತಪ್ಪಿದ ಅಪವಾದಗಳು: ಅವುಗಳನ್ನು ದಾಖಲಿಸುವ ಕ್ರಮ

ವ್ಯಾಕರಣವನ್ನು ಕ್ರಮವಾಗಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳಿಗೆ ಉತ್ಸರ್ಗ, ಅಪವಾದ ಎಂಬ ಎರಡು ಪಾರಿಭಾಷಿಕ ಪದಗಳು ಹೊಸವಲ್ಲ. ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ವಿಧಿ ಉತ್ಸರ್ಗ. ಅದಕ್ಕೆ ಒಳಪಡದೆ ಪ್ರತ್ಯೇಕವಾಗಿ ನಿಲ್ಲುವುದು ಅಪವಾದ. ಸ್ವರದ ಮುಂದೆ ಸ್ವರ ಬಂದಾಗ ಸಂಧಿಯಾಗುವುದು ಸಾಮಾನ್ಯ ನಿಯಮ. 'ಅಣ್ಣಾ ಓಡಿ ಬಾ' ಎಂಬಲ್ಲಿ ಹಾಗಾಗದೆ ಪ್ರಕೃತಿಭಾವ ಉಳಿಯುವುದು ಅದರ ಅಪವಾದ. ವೈಯಾಕರಣರು ಅಪವಾದವನ್ನು ಕಂಡು ಕಣ್ಣು ಮುಚ್ಚಿಕೊಳ್ಳಲಿಲ್ಲ. ಅದನ್ನು ಗುರುತಿಸಿ ಬರೆದಿಟ್ಟರು. ಗಣಕಯಂತ್ರದ ಕ್ರಮವಿಧಿಗಳನ್ನು ರಚಿಸುವವರು ಎಕ್ಸೆಪ್ಷನ್ ಎಂದು ಕರೆಯುವ ಸಂಗತಿಗೆ ಕನ್ನಡದಲ್ಲಿ ಅಪವಾದವೆಂಬ ಹೆಸರು ಸಲ್ಲುವುದು ಈ ಕಾರಣದಿಂದ. ಲೋಕರೂಢಿಯಲ್ಲಿ ಇದೇ ಪದಕ್ಕೆ ಮಿಥ್ಯಾರೋಪವೆಂಬ ಅರ್ಥವೂ ಉಂಟು. ಮುಂದೆ ಆ ಅರ್ಥವೂ ನಮಗೆ ಬೇಕಾಗುತ್ತದೆ.

ಕ್ರಮವಿಧಿಯೊಂದು ತನ್ನ ಕೆಲಸದಲ್ಲಿ ತೊಡಗಿರುವಾಗ ಮುಂದುವರಿಯಲಾಗದ ಸನ್ನಿವೇಶ ಎದುರಾಗುವುದುಂಟು. ಭಾಜಕವು ಸೊನ್ನೆಯಾಗಿರಬಹುದು, ತೆರೆಯಬೇಕಾದ ಕಡತ ಇರಬೇಕಾದೆಡೆಯಲ್ಲಿ ಇಲ್ಲದಿರಬಹುದು, ಮಾಹಿತಿಯನ್ನು ಸಂಗ್ರಹಿಸಿಟ್ಟ ಯಂತ್ರ ಉತ್ತರ ಕೊಡದಿರಬಹುದು, ಅಂಕಿ ಬರಬೇಕಾದಲ್ಲಿ ಅಕ್ಷರ ಬಂದಿರಬಹುದು. ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಉಪವಿಧಿಯೂ ತನ್ನ ಕೆಲಸ ಸಫಲವಾಯಿತೋ ವಿಫಲವಾಯಿತೋ ಎಂಬುದನ್ನು ಒಂದು ಸಂಕೇತಾಂಕದಿಂದ ತಿಳಿಸುತ್ತಿತ್ತು. ಕರೆದವನು ಅದನ್ನು ನೋಡಿದರೆ ಉಂಟು, ನೋಡದಿದ್ದರೆ ಇಲ್ಲ. ಈ ಕೊರತೆಯನ್ನು ನೀಗಲು ೧೯೬೦ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಪಿಎಲ್-ಒನ್ ಭಾಷೆಯಲ್ಲಿ ಯತ್ನ ನಡೆಯಿತು. ೧೯೭೫ರಲ್ಲಿ ಜಾನ್ ಗುಡ್‌ಇನಫ್ ಅವರು ಪ್ರಕಟಿಸಿದ ಪ್ರಬಂಧವು ಈ ವಿಷಯಕ್ಕೆ ಶಾಸ್ತ್ರೀಯವಾದ ಚೌಕಟ್ಟನ್ನು ಒದಗಿಸಿತು. ಹೊಸ ಪದ್ಧತಿಯ ತಿರುಳು ಇಷ್ಟು: ತೊಂದರೆ ಉಂಟಾದೊಡನೆ ಅಪವಾದವು 'ಎಸೆಯಲ್ಪಡುತ್ತದೆ'. ಅದು ಕರೆಸಿಕೊಂಡ ವಿಧಿಯಿಂದ ಕರೆದ ವಿಧಿಗೆ, ಅಲ್ಲಿಂದ ಅದನ್ನು ಕರೆದ ವಿಧಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ದಾರಿಯಲ್ಲಿ ಯಾರಾದರೂ ಅದನ್ನು ಹಿಡಿದು ತಕ್ಕ ಪರಿಹಾರ ಮಾಡಿದರೆ ಕೆಲಸ ಮುಂದುವರಿಯುತ್ತದೆ. ಯಾರೂ ಹಿಡಿಯದೆ ಕೊನೆಯ ಮೆಟ್ಟಿಲನ್ನೂ ದಾಟಿದರೆ ಅದು ಕೈತಪ್ಪಿದ ಅಪವಾದ.

ಕೈತಪ್ಪಿದ ಅಪವಾದವೊಂದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ೧೯೯೬ನೆಯ ಇಸವಿ ಜೂನ್ ೪ರ ಘಟನೆಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ಉಡಾವಣಾ ಕೇಂದ್ರದಿಂದ ಯೂರೋಪಿನ ಆರಿಯಾನ್-೫ ರಾಕೆಟ್ಟು ಅಂದು ತನ್ನ ಪ್ರಥಮ ಯಾನವನ್ನು ಆರಂಭಿಸಿತು. ಸುಮಾರು ೪೦ ಸೆಕೆಂಡುಗಳಲ್ಲಿ, ಸುಮಾರು ೩೭೦೦ ಮೀಟರು ಎತ್ತರದಲ್ಲಿ, ಅದು ದಾರಿ ತಪ್ಪಿ, ಒಡೆದು, ಸ್ಫೋಟಗೊಂಡಿತು. ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು ಕಾರಣವನ್ನು ಹುಡುಕಿ ತೆಗೆಯಿತು. ರಾಕೆಟ್ಟಿನ ದಿಕ್ಕನ್ನೂ ಚಲನೆಯನ್ನೂ ಅಳೆಯುವ ಉಪಕರಣದಲ್ಲಿ, ಅಡ ಭಾಷೆಯಲ್ಲಿ ಬರೆದ ಕ್ರಮವಿಧಿಯು ೬೪ ಬಿಟ್ಟುಗಳ ದಶಮಾಂಶ ಸಂಖ್ಯೆಯೊಂದನ್ನು ೧೬ ಬಿಟ್ಟುಗಳ ಪೂರ್ಣಾಂಕವಾಗಿ ಪರಿವರ್ತಿಸಲು ಹೊರಟಿತ್ತು. ಅಂತಹ ಪೂರ್ಣಾಂಕದಲ್ಲಿ ೩೨,೭೬೭ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಆರಿಯಾನ್-೪ರ ಪಥದಲ್ಲಿ ಆ ಮಿತಿ ಮೀರುವಂತಿರಲಿಲ್ಲ. ಆರಿಯಾನ್-೫ರ ಅಡ್ಡಗತಿ ಹೆಚ್ಚು, ಆದಕಾರಣ ಮೀರಿತು. ಅಪವಾದ ಎಸೆಯಲ್ಪಟ್ಟಿತು, ಹಿಡಿಯುವವರು ಇರಲಿಲ್ಲ. ಅಪಾಯದ ಸಾಧ್ಯತೆಯಿದ್ದ ಏಳು ರಾಶಿಗಳ ಪೈಕಿ ನಾಲ್ಕಕ್ಕೆ ರಕ್ಷಣೆ ಒದಗಿಸಿ, ಗಣಕದ ಹೊರೆ ಹೆಚ್ಚದಿರಲೆಂದು ಮೂರನ್ನು ಹಾಗೆಯೇ ಬಿಟ್ಟಿದ್ದರು.

ಇಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಎರಡು ಅಂಶಗಳಿವೆ. ಅಪವಾದ ಸಂಭವಿಸಿದಾಗ ಅದರ ವಿವರವನ್ನು ಅಳಿಯದ ಸ್ಮೃತಿಕೋಶದಲ್ಲಿ ಬರೆದಿಟ್ಟು ಉಪಕರಣವು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕೆಂದು ವಿಧಿಸಲಾಗಿತ್ತು. ಅದು ಹಾಗೆಯೇ ಮಾಡಿತು. ಅವಶೇಷಗಳಿಂದ ಹೆಕ್ಕಿ ತಂದ ಉಪಕರಣದ ಸ್ಮೃತಿಕೋಶವನ್ನು ಓದಿದಾಗ ದೊರೆತ ವಿವರವು ವಿಚಾರಣೆಗೆ ಬಹಳ ಸಹಾಯಕವಾಯಿತು. ಆದರೆ ಉಪಕರಣವು ನಿಲ್ಲುವ ಮುನ್ನ ಹೊರಗೆಡಹಿದ ದೋಷಸೂಚಕ ಅಂಕಿಗಳನ್ನು ಮುಖ್ಯ ಗಣಕವು ಯಾನದ ನಿಜವಾದ ಅಳತೆಗಳೆಂದೇ ಭಾವಿಸಿ ನಳಿಕೆಗಳನ್ನು ಪೂರ್ತಿಯಾಗಿ ತಿರುಗಿಸಿತು. ಬರೆದಿಟ್ಟ ದೋಷವು ಬೆಳಕು ನೀಡಿತು. ಇಡಬಾರದೆಡೆಯಲ್ಲಿ ಇಟ್ಟ ದೋಷವು ರಾಕೆಟ್ಟನ್ನೇ ಕೆಡವಿತು. ದಾಖಲೆಯು ಎಲ್ಲಿಗೆ ಹೋಗಬೇಕು, ಯಾರ ಕಣ್ಣಿಗೆ ಬೀಳಬೇಕು ಎಂಬ ಪ್ರಶ್ನೆ ದಾಖಲಿಸುವುದರಷ್ಟೇ ಮುಖ್ಯವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಗಮನಿಸತಕ್ಕದ್ದು.

ಇನ್ನು ಜಾಲಪುಟಗಳ ವಿಚಾರ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೨ರಲ್ಲಿ ಡಾಟ್‌ನೆಟ್ ಚೌಕಟ್ಟಿನೊಡನೆ ಹೊರತಂದ ಎಎಸ್‌ಪಿ ಡಾಟ್‌ನೆಟ್ ವೆಬ್ ಫಾರ್ಮ್ಸ್ ಪದ್ಧತಿಯನ್ನು ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಈ ಪದ್ಧತಿಯಲ್ಲಿ ಬಳಕೆದಾರನು ನೋಡುವ ಪ್ರತಿಯೊಂದು ಪುಟವೂ ಒಂದು ವರ್ಗ, ಎಂದರೆ ಕ್ಲಾಸ್. ವರ್ಗವು ಮತ್ತೊಂದು ವರ್ಗದಿಂದ ಗುಣಗಳನ್ನು ಬಳುವಳಿಯಾಗಿ ಪಡೆಯಬಲ್ಲದೆಂಬ ವಿಚಾರ ಇನ್ನೂ ಹಳೆಯದು. ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ವಿದ್ವಾಂಸರು ಸಿಮ್ಯುಲಾ-೬೭ ಭಾಷೆಯಲ್ಲಿ ಅದನ್ನು ಮೊದಲಿಗೆ ಸಾಧಿಸಿ ತೋರಿಸಿದರು. ವೆಬ್ ಫಾರ್ಮ್ಸ್‌ನಲ್ಲಿ ಎಲ್ಲ ಪುಟಗಳ ಮೂಲಪುರುಷ 'ಪೇಜ್' ಎಂಬ ವರ್ಗ. ನಾವು ಬರೆಯುವ ಪುಟವು ಅದರ ಸಂತತಿ. ನಡುವೆ ನಮ್ಮದೇ ಆದ ವರ್ಗವೊಂದನ್ನು ಸೇರಿಸಿ, ಅದಕ್ಕೆ 'ಮೂಲಪುಟ' ಎಂದು ಹೆಸರಿಟ್ಟು, ನಮ್ಮ ಪುಟಗಳೆಲ್ಲ ಅದರಿಂದ ಹುಟ್ಟುವಂತೆ ಮಾಡಲು ಯಾವ ಅಡ್ಡಿಯೂ ಇಲ್ಲ. ಅಜ್ಜನಿಗೂ ಮೊಮ್ಮಕ್ಕಳಿಗೂ ನಡುವೆ ತಂದೆಯೊಬ್ಬನನ್ನು ನಿಲ್ಲಿಸಿದಂತೆ ಇದು.

ಇದರ ಪ್ರಯೋಜನವೇನೆಂದು ಕೇಳಬಹುದು. ಐವತ್ತು ಪುಟಗಳಿರುವ ವ್ಯವಸ್ಥೆಯಲ್ಲಿ ಪ್ರತಿಯೊಂದು ಪುಟದ ಪ್ರತಿಯೊಂದು ವಿಧಾನದಲ್ಲಿಯೂ 'ಯತ್ನಿಸು, ಹಿಡಿ, ಬರೆದಿಡು' ಎಂಬ ಸಾಲುಗಳನ್ನು ಸೇರಿಸುತ್ತ ಹೋಗುವುದು ಬಳಲಿಕೆಯ ಕೆಲಸ. ಐವತ್ತೊಂದನೆಯ ಪುಟ ಬರೆಯುವವನು ಅದನ್ನು ಮರೆಯುತ್ತಾನೆ. ಅಷ್ಟೇ ಅಲ್ಲ, ಎಲ್ಲವನ್ನೂ ಹಿಡಿಯುವ ಬಲೆಯನ್ನು ಎಲ್ಲೆಡೆ ಬೀಸಿದರೆ ಹಿಡಿಯಬಾರದ್ದೂ ಸಿಕ್ಕಿಬೀಳುತ್ತದೆ. ಈ ಚೌಕಟ್ಟಿನಲ್ಲಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕಳುಹಿಸುವ ರೀಡೈರೆಕ್ಟ್ ಆಜ್ಞೆಯು ಸಾಮಾನ್ಯವಾಗಿ ತನ್ನ ಕೆಲಸ ಮುಗಿಸುವುದೇ 'ಥ್ರೆಡ್ ಅಬಾರ್ಟ್' ಎಂಬ ಅಪವಾದವನ್ನು ಎಸೆಯುವುದರ ಮೂಲಕ. ಅದು ದೋಷವಲ್ಲ. ಪುಟದೊಳಗೇ ಬಲೆ ಬೀಸಿದವರ ದಾಖಲೆಯಲ್ಲಿ ಇಂತಹ ಹುಸಿ ದೋಷಗಳೇ ತುಂಬಿಕೊಂಡು, ನಿಜವಾದವು ಕಾಣದೆ ಹೋಗುತ್ತವೆ. ಪೇಜ್ ವರ್ಗವಾದರೋ ಈ ಅಪವಾದವನ್ನು ಪ್ರತ್ಯೇಕವಾಗಿ ಗುರುತಿಸಿ, ದೋಷನಿರ್ವಹಣೆಯ ದಾರಿಗೆ ಬಿಡುವುದಿಲ್ಲ.

ಮೂಲಪುಟದಲ್ಲಿ ಬರೆಯಬೇಕಾದುದು ಸ್ವಲ್ಪವೇ. ಪೇಜ್ ವರ್ಗದ ಪೂರ್ವಜವಾದ 'ಟೆಂಪ್ಲೇಟ್ ಕಂಟ್ರೋಲ್' ವರ್ಗದಲ್ಲಿ 'ಆನ್‌ಎರರ್' ಎಂಬ ವಿಧಾನವಿದೆ. ಸಂತತಿಯು ತನಗೆ ಬೇಕಾದಂತೆ ಬದಲಿಸಿಕೊಳ್ಳಲು ಅವಕಾಶವಿರುವ, ವರ್ಚುಯಲ್ ಎನಿಸಿದ ವಿಧಾನವದು. ಪುಟದಲ್ಲಿ ಯಾರೂ ಹಿಡಿಯದ ಅಪವಾದ ಉಂಟಾದೊಡನೆ ಚೌಕಟ್ಟು ಇದನ್ನು ಕರೆಯುತ್ತದೆ. ಮೂಲಪುಟದಲ್ಲಿ ಇದನ್ನು ಪುನಃ ನಿರೂಪಿಸಿ, ಒಳಗೆ 'ಗೆಟ್ ಲಾಸ್ಟ್ ಎರರ್' ಎಂಬ ಆಜ್ಞೆಯಿಂದ ಸಂಭವಿಸಿದ ಅಪವಾದವನ್ನು ಪಡೆದು, ದಾಖಲೆ ಬರೆಯುವ ವರ್ಗಕ್ಕೆ ಒಪ್ಪಿಸಿ, ಕೊನೆಯಲ್ಲಿ ಪೂರ್ವಜನ ಆನ್‌ಎರರ್ ವಿಧಾನವನ್ನು ಕರೆದರೆ ಮುಗಿಯಿತು. ಈ ಕೊನೆಯ ಕರೆಯನ್ನು ಬಿಟ್ಟರೆ, ಪುಟಕ್ಕೆ ಪ್ರತ್ಯೇಕವಾಗಿ ಜೋಡಿಸಿದ ದೋಷನಿರ್ವಾಹಕಗಳು ಓಡುವುದೇ ಇಲ್ಲ. ಆಮೇಲೆ ಪ್ರತಿಯೊಂದು ಪುಟದ ವರ್ಗವೂ ಪೇಜ್ ಬದಲಿಗೆ ಮೂಲಪುಟದಿಂದ ಹುಟ್ಟಿದುದೆಂದು ಘೋಷಿಸಬೇಕು. ಸ್ವಂತ ವರ್ಗವಿಲ್ಲದ ಪುಟಗಳಿಗಾಗಿ ವೆಬ್ ಕಾನ್ಫಿಗ್ ಕಡತದ ಪೇಜಸ್ ವಿಭಾಗದಲ್ಲಿ ಮೂಲವರ್ಗದ ಹೆಸರನ್ನು ಒಮ್ಮೆ ಸೂಚಿಸಿದರೆ ಸಾಕು.

ಇಷ್ಟಾದರೂ ಮೂಲಪುಟವನ್ನೇ ನಂಬಿ ಕುಳಿತುಕೊಳ್ಳುವುದು ಸಲ್ಲದು. ಪುಟದ ಬರಹದಲ್ಲಿಯೇ ವ್ಯಾಕರಣದೋಷವಿದ್ದು ಅದರಿಂದ ವರ್ಗವೇ ಹುಟ್ಟದಿದ್ದರೆ, ಹುಟ್ಟದ ಮಗನಿಗೆ ತಂದೆಯ ಆಸ್ತಿ ಹೇಗೆ ಬಂದೀತು? ಇಲ್ಲದ ಪುಟವನ್ನು ಕೇಳಿದಾಗಲೂ, ಪುಟವಲ್ಲದ ಬೇರೆ ನಿರ್ವಾಹಕಗಳಲ್ಲಿ ದೋಷವಾದಾಗಲೂ ಇದೇ ಸ್ಥಿತಿ. ಇವುಗಳಿಗಾಗಿ 'ಗ್ಲೋಬಲ್' ಕಡತದಲ್ಲಿ 'ಅಪ್ಲಿಕೇಷನ್ ಎರರ್' ಎಂಬ ವಿಧಾನವಿದೆ. ಅದು ಇಡೀ ವ್ಯವಸ್ಥೆಯ ಹೆಬ್ಬಾಗಿಲು. ಪುಟದ ಮಟ್ಟದಲ್ಲಿ 'ಕ್ಲಿಯರ್ ಎರರ್' ಎಂದು ಅಳಿಸದಿದ್ದರೆ ಅಪವಾದವು ಅಲ್ಲಿಗೂ ಬರುತ್ತದೆ. ಆದರೆ ಬರುವಾಗ ಅದು 'ಎಚ್‌ಟಿಟಿಪಿ ಅನ್‌ಹ್ಯಾಂಡಲ್ಡ್ ಎಕ್ಸೆಪ್ಷನ್' ಎಂಬ ಮತ್ತೊಂದು ಹೊದಿಕೆಯನ್ನು ಹೊದ್ದಿರುತ್ತದೆ. ಒಳಗಿನದನ್ನು ಬಿಚ್ಚಿ ನೋಡದೆ ಮೇಲಿನ ಹೆಸರನ್ನಷ್ಟೇ ಬರೆದುಕೊಂಡರೆ ಎಲ್ಲ ದೋಷಗಳೂ ಒಂದೇ ಬಗೆಯವಾಗಿ ಕಾಣುತ್ತವೆ. ಎರಡೂ ಕಡೆ ಬರೆದರೆ ಒಂದೇ ದೋಷ ಎರಡು ಬಾರಿ ದಾಖಲಾಗುತ್ತದೆ. ಈಗಾಗಲೇ ಬರೆದುದಕ್ಕೆ ಕೋರಿಕೆಯ ಸಂದರ್ಭದಲ್ಲಿಯೇ ಗುರುತೊಂದನ್ನು ಇಟ್ಟು ಇದನ್ನು ತಪ್ಪಿಸಬಹುದು. ಹೆಬ್ಬಾಗಿಲೊಂದೇ ಸಾಲದೇ, ಮೂಲಪುಟ ಏಕೆ ಎಂದು ವಾದಿಸುವವರೂ ಇದ್ದಾರೆ. ಎಲ್ಲೆಡೆಯ ದೋಷವೂ ಒಂದು ಕಡೆ ಸಿಕ್ಕರೆ ಸಾಕೆನ್ನುವವರಿಗೆ ಅವರ ವಾದ ಸರಿ. ಪುಟ ಯಾವುದು, ಅದರಲ್ಲಿ ಬಳಕೆದಾರನು ಯಾವ ಹಂತದಲ್ಲಿದ್ದನು, ಪುಟಕ್ಕೆ ವಿಶಿಷ್ಟವಾದ ಯಾವ ವಿವರ ಜೊತೆಗೆ ಬೇಕು ಎಂಬುದನ್ನು ಪುಟವೇ ಹೇಳಬೇಕಾದಲ್ಲಿ ಮೂಲಪುಟವೇ ಮೇಲು; ಸಂತತಿಯು ತನ್ನ ಟಿಪ್ಪಣಿಯನ್ನು ಸೇರಿಸಲು ಅಲ್ಲಿ ಒಂದು ಸ್ಥಾನವನ್ನು ಬಿಟ್ಟಿರಬಹುದು. ಒಂದು ವರ್ಗಕ್ಕೆ ಒಬ್ಬನೇ ತಂದೆ ಎಂಬುದು ಸಿ-ಶಾರ್ಪ್ ಭಾಷೆಯ ಕಟ್ಟಳೆ. ಬೇರೆ ಸಂಸ್ಥೆ ಒದಗಿಸಿದ ಮೂಲವರ್ಗವನ್ನು ಈಗಾಗಲೇ ಒಪ್ಪಿಕೊಂಡ ಪುಟಕ್ಕೆ ಹೆಬ್ಬಾಗಿಲೇ ಗತಿ.

ದಾಖಲೆಯೆಂಬುದಕ್ಕೆ ಇಂಗ್ಲಿಷಿನಲ್ಲಿ ಲಾಗ್ ಎನ್ನುತ್ತಾರೆ. ಆ ಪದದ ಮೂಲಾರ್ಥ ಮರದ ತುಂಡು. ಹಡಗಿನವರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆಸೆದು, ಹಗ್ಗ ಬಿಚ್ಚಿಕೊಳ್ಳುವ ವೇಗದಿಂದ ಹಡಗಿನ ವೇಗವನ್ನು ಅಳೆದು, ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಪುಸ್ತಕಕ್ಕೆ ತುಂಡಿನ ಹೆಸರೇ ಅಂಟಿಕೊಂಡಿತು. ಹಡಗಿನ ಪುಸ್ತಕದಲ್ಲಿ ಹೇಗೋ ಹಾಗೆ ಇಲ್ಲಿಯೂ ಕಾಲದ ನಮೂದು ಪ್ರಧಾನ. ಸರ್ವರುಗಳು ಬೇರೆ ಬೇರೆ ದೇಶಗಳಲ್ಲಿರಬಹುದಾದ್ದರಿಂದ ಕಾಲವನ್ನು ಸಾರ್ವತ್ರಿಕ ಮಾನದಲ್ಲಿ ಬರೆಯುವುದು ಲೇಸು. ಓದುವಾಗ ೫ ಗಂಟೆ ೩೦ ನಿಮಿಷ ಕೂಡಿಸಿದರೆ ಭಾರತೀಯ ಕಾಲಮಾನ ದೊರೆಯುತ್ತದೆ. ಪುಟದ ವಿಳಾಸ, ಒಳಬಂದ ಬಳಕೆದಾರನ ಗುರುತು, ಯಂತ್ರದ ಹೆಸರು, ಅಪವಾದದ ಜಾತಿ, ಅದರ ಸಂದೇಶ, ಅದರೊಳಗೆ ಅಡಗಿರುವ ಒಳ ಅಪವಾದಗಳು, ಇವೆಲ್ಲಕ್ಕಿಂತ ಮಿಗಿಲಾಗಿ ಕರೆಗಳ ಸರಣಿ ಬೇಕು. ಯಾವ ವಿಧಿ ಯಾವುದನ್ನು ಕರೆಯಿತು, ಎಲ್ಲಿ ಮುರಿಯಿತು ಎಂಬುದು ಈ ಸರಣಿಯಿಂದಲೇ ತಿಳಿಯಬೇಕು. ನಡುವೆ ಹಿಡಿದ ಅಪವಾದವನ್ನು ಮತ್ತೆ ಎಸೆಯುವಾಗ ಬರಿಯ 'ಥ್ರೋ' ಎನ್ನದೆ ಅಪವಾದದ ಹೆಸರನ್ನೂ ಜೊತೆಗೆ ಬರೆದರೆ ಸರಣಿಯು ಅಲ್ಲಿಂದಲೇ ಹೊಸದಾಗಿ ಆರಂಭವಾಗಿ, ಮೂಲಸ್ಥಾನ ಅಳಿಸಿಹೋಗುತ್ತದೆ. ಒಂದು ಪದದ ಅಂತರ, ಮೂರು ದಿನಗಳ ಹುಡುಕಾಟ. ದಾಖಲೆಯ ಕಡತವನ್ನು ಯುಟಿಎಫ್-೮ ಸಂಕೇತಕ್ರಮದಲ್ಲಿ ಬರೆಯುವುದೂ ನಮ್ಮಂಥವರಿಗೆ ಅಗತ್ಯ. ಇಲ್ಲವಾದರೆ ಕನ್ನಡದಲ್ಲಿ ತುಂಬಿದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿದೀತು.

ಬರೆಯುವ ಸ್ಥಳದ ಬಗೆಗೂ ವಿವೇಚನೆ ಬೇಕು. ಮಾಹಿತಿಸಂಗ್ರಹದಲ್ಲಿಯೇ ಬರೆಯುವೆನೆಂದರೆ, ಆ ಸಂಗ್ರಹವೇ ಕೈಕೊಟ್ಟ ದಿನ ದೋಷವೂ ದಾಖಲಾಗುವುದಿಲ್ಲ. ಕಡತದಲ್ಲಿ ಬರೆಯುವೆನೆಂದರೆ, ಜಾಲತಾಣ ಓಡುವ ಖಾತೆಗೆ ಅಲ್ಲಿ ಬರೆಯುವ ಅನುಮತಿ ಇರಬೇಕು. ಏಕಕಾಲದಲ್ಲಿ ಹಲವು ಕೋರಿಕೆಗಳು ಬರೆಯಲು ಮುನ್ನುಗ್ಗಿದಾಗ ಸರತಿಯ ಏರ್ಪಾಡಿರಬೇಕು. ಕಡತವು ಹೊರಗಿನವರು ವಿಳಾಸ ಕೊಟ್ಟು ತೆರೆಯಲಾಗದೆಡೆಯಲ್ಲಿರಬೇಕು. 'ಬಿನ್' ಎಂಬ ಕೋಶದಲ್ಲಿಟ್ಟರಂತೂ ಪ್ರತಿ ಬದಲಾವಣೆಗೂ ಜಾಲತಾಣವೇ ಹೊಸದಾಗಿ ಆರಂಭವಾಗುತ್ತದೆ. ಬರೆಯುವ ವಿಧಿಯಲ್ಲಿಯೇ ಅಪವಾದ ಉಂಟಾದರೆ ಅದು ಮೂಲದೋಷವನ್ನು ಮುಚ್ಚಿಹಾಕದಂತೆ ಅದಕ್ಕೊಂದು ಬಲೆ, ಒಂದು ಸ್ಥಳ ತಪ್ಪಿದರೆ ಇನ್ನೊಂದೆಡೆ ಬರೆಯುವ ಮಾರ್ಗ ಇರಲೇಬೇಕು. ಎಲ್ಲವನ್ನೂ ಕಣ್ಮುಚ್ಚಿ ನುಂಗುವ ಬಲೆ ಇಲ್ಲಿ ಮಾತ್ರ ಕ್ಷಮ್ಯ.

ದೋಷದ ವಿವರವನ್ನು ಬಳಕೆದಾರನಿಗೆ ತೋರಿಸಬೇಕೇ? ಹಳದಿ ಬಣ್ಣದ ಪಟ್ಟಿಯಲ್ಲಿ ಕ್ರಮವಿಧಿಯ ಸಾಲುಗಳನ್ನೂ ಕರೆಗಳ ಸರಣಿಯನ್ನೂ ಬಿಚ್ಚಿಡುವ ಪುಟವೊಂದು ಈ ಚೌಕಟ್ಟಿನಲ್ಲಿದೆ. ರಚನೆಯ ಕಾಲದಲ್ಲಿ ಅದು ಉಪಕಾರಿ. ಸಾರ್ವಜನಿಕರ ಮುಂದೆ ಅಪಾಯಕಾರಿ. ೨೦೧೦ರಲ್ಲಿ ಜೂಲಿಯಾನೋ ರಿಜ್ಜೋ ಮತ್ತು ಥಾಯ್ ಡುಯೊಂಗ್ ಎಂಬ ಸಂಶೋಧಕರು, ಸರ್ವರು ಒಂದೊಂದು ಬಗೆಯ ದೋಷಕ್ಕೆ ಒಂದೊಂದು ಬಗೆಯ ಉತ್ತರ ಕೊಡುವುದನ್ನೇ ಹಿಡಿದು, ಅದರ ಗೂಢಲಿಪಿಯನ್ನು ಭೇದಿಸಬಹುದೆಂದು ತೋರಿಸಿದರು. ಅದೇ ವರ್ಷ ಸೆಪ್ಟೆಂಬರ್ ೨೮ರಂದು ಪರಿಹಾರ ಪ್ರಕಟವಾಗುವವರೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡಿದ ತಾತ್ಕಾಲಿಕ ಸಲಹೆಯಲ್ಲಿ, ಎಲ್ಲ ದೋಷಗಳಿಗೂ ಒಂದೇ ಪುಟವನ್ನು ತೋರಿಸಬೇಕೆಂಬುದು ಮುಖ್ಯವಾಗಿತ್ತು. ಆದುದರಿಂದ ಬಳಕೆದಾರನಿಗೆ ಸೌಮ್ಯವಾದ ನಾಲ್ಕು ಮಾತು, ಜೊತೆಗೊಂದು ಕ್ರಮಸಂಖ್ಯೆ; ದಾಖಲೆಯಲ್ಲಿ ಅದೇ ಕ್ರಮಸಂಖ್ಯೆಯೊಡನೆ ಪೂರ್ಣ ವಿವರ. ಪುಟದೊಡನೆ ಕಳುಹಿಸುವ ಸ್ಥಿತಿಸಂಕೇತ ೫೦೦ ಆಗಿರಬೇಕು. ದೋಷವನ್ನು ತಿಳಿಸುವ ಪುಟವೇ ೨೦೦ ಎಂಬ ಸಫಲತೆಯ ಸಂಕೇತ ಹೊತ್ತು ಹೋಗುವುದು ಅನೇಕ ಕಡೆ ಕಂಡುಬರುವ ಅಸಂಬದ್ಧ.

ಈ ಕ್ರಮಸಂಖ್ಯೆಯ ಬೆಲೆ ಸಣ್ಣದಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಕೊನೆಯ ದಿನ ರಾತ್ರಿ ಹಳ್ಳಿಯ ಹುಡುಗಿಯೊಬ್ಬಳು ಗುಂಡಿಯನ್ನೊತ್ತಿದಳೆಂದು ಭಾವಿಸೋಣ. ಪುಟ ಮುರಿದುಬಿತ್ತು. ಮರುದಿನ ಕಚೇರಿಯಲ್ಲಿ ಅವಳು 'ನಾನು ಸಲ್ಲಿಸಿದ್ದೆ' ಎಂದರೆ, 'ನಮ್ಮಲ್ಲಿ ಬಂದಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೈತಪ್ಪಿದ ಅಪವಾದ ದಾಖಲಾಗಿದ್ದರೆ ಅವಳ ಮಾತಿಗೆ ಯಂತ್ರವೇ ಸಾಕ್ಷಿ. ದಾಖಲಾಗದಿದ್ದರೆ ಅವಳು ಸುಳ್ಳುಗಾತಿ. ಆರಂಭದಲ್ಲಿ ಹೇಳಿದ ಎರಡನೆಯ ಅರ್ಥ ಇಲ್ಲಿ ತಲೆದೋರುತ್ತದೆ: ಯಂತ್ರದ ಅಪವಾದವು ಮನುಷ್ಯನ ಮೇಲಿನ ಅಪವಾದವಾಗುತ್ತದೆ. ಇದು ಕಲ್ಪನೆಯ ಅತಿರೇಕವಲ್ಲ. ಬ್ರಿಟನ್ನಿನ ಅಂಚೆ ಸಂಸ್ಥೆಯು ೧೯೯೯ರಿಂದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದು ತೋರಿಸಿದ ಕೊರತೆಗಳನ್ನು ನಂಬಿ ೧೯೯೯ರಿಂದ ೨೦೧೫ರವರೆಗೆ ೭೦೦ಕ್ಕೂ ಹೆಚ್ಚು ಮಂದಿ ಉಪ ಅಂಚೆಪಾಲಕರ ಮೇಲೆ ಕಳವು, ಸುಳ್ಳು ಲೆಕ್ಕ ಮುಂತಾದ ಆರೋಪ ಹೊರಿಸಿ ಮೊಕದ್ದಮೆ ಹೂಡಿತು. ಕೆಲವರು ಸೆರೆಮನೆಗೆ ಹೋದರು. ಹಲವರು ಮನೆಮಠ ಕಳೆದುಕೊಂಡರು. ವ್ಯವಸ್ಥೆಯನ್ನು ನಿರ್ವಹಿಸುತ್ತಿದ್ದ ಫುಜಿತ್ಸು ಸಂಸ್ಥೆಯ ತಂತ್ರಜ್ಞರ ಬಳಿ ತಿಳಿದುಬಂದ ದೋಷಗಳ ದಾಖಲೆಯೊಂದು ಇದ್ದೇ ಇತ್ತು. ಉಪ ಅಂಚೆಪಾಲಕರು ಒಟ್ಟಾಗಿ ಹೂಡಿದ ದಾವೆಯಲ್ಲಿ ಆ ದಾಖಲೆ ಮುಖ್ಯ ಪುರಾವೆಗಳಲ್ಲೊಂದಾಯಿತು; ೨೦೧೯ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ವ್ಯವಸ್ಥೆಯಲ್ಲಿ ದೋಷಗಳಿದ್ದುವೆಂದು ತೀರ್ಪಿತ್ತಿತು. ೨೦೨೧ರ ಏಪ್ರಿಲಿನಲ್ಲಿ ೩೯ ಮಂದಿಯ ಶಿಕ್ಷೆ ರದ್ದಾಯಿತು. ಉಳಿದವರಲ್ಲಿ ಬಹುಮಂದಿಗಾಗಿ ೨೦೨೪ರಲ್ಲಿ ಸಂಸತ್ತು ಶಾಸನವನ್ನೇ ಮಾಡಬೇಕಾಯಿತು. ದಾಖಲೆ ಇರುವುದು ಬೇರೆ, ಅದು ಬೇಕಾದವರ ಕೈಗೆ ಸಿಗುವುದು ಬೇರೆ.

ಹಾಗೆಂದು ಎಲ್ಲವನ್ನೂ ಬರೆದಿಡುವುದು ತರವಲ್ಲ. ಬಳಕೆದಾರನು ತುಂಬಿದ ಅರ್ಜಿಯನ್ನು ಇದ್ದಂತೆಯೇ ದಾಖಲೆಗೆ ಸುರಿದರೆ ಗುಪ್ತಪದ, ಬ್ಯಾಂಕಿನ ಕಾರ್ಡಿನ ಸಂಖ್ಯೆ, ರೋಗದ ವಿವರ ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ. ೨೦೧೮ರ ಮೇ ತಿಂಗಳಲ್ಲಿ ಟ್ವಿಟ್ಟರ್ ಸಂಸ್ಥೆಯು, ಗುಪ್ತಪದಗಳು ಮರೆಯಿಲ್ಲದೆ ತನ್ನ ಒಳ ದಾಖಲೆಯಲ್ಲಿ ಸೇರಿಕೊಂಡಿದ್ದುವೆಂದು ಪ್ರಕಟಿಸಿ, ತನ್ನ ೩೩ ಕೋಟಿಗೂ ಹೆಚ್ಚಿನ ಬಳಕೆದಾರರು ಅವನ್ನು ಬದಲಾಯಿಸುವಂತೆ ಕೋರಿತು. ದಾಖಲೆಗೆ ಬರುವ ಮಾತನ್ನು ಆಜ್ಞೆಯೆಂದು ತಿಳಿದು ನಡೆಯುವ ದಾಖಲೆಯಂತ್ರವೂ ಅಷ್ಟೇ ಅಪಾಯಕಾರಿ: ೨೦೨೧ರ ಡಿಸೆಂಬರಿನಲ್ಲಿ ಬಯಲಾದ ಲಾಗ್-ಫೋರ್-ಜೆ ಲೋಪದಲ್ಲಿ, ದಾಖಲಿಸಿದ ಒಂದು ಸಾಲೇ ಹೊರಗಿನ ಕ್ರಮವಿಧಿಯನ್ನು ಒಳತಂದು ಓಡಿಸಬಲ್ಲುದಾಗಿತ್ತು. ಸಾಲು ಮುರಿಯುವ ಚಿಹ್ನೆಗಳನ್ನು ತೆಗೆದುಹಾಕಿ ಬರೆಯದಿದ್ದರೆ ಕುಹಕಿಗಳು ಇಲ್ಲದ ದೋಷದ ನಮೂದನ್ನೂ ಸೃಷ್ಟಿಸಬಲ್ಲರು.

ಸ್ವಂತವಾಗಿ ಬರೆಯಲಾರದವರಿಗೆ ಸಿದ್ಧ ಸಾಧನಗಳೂ ಉಂಟು. ಆತಿಫ್ ಅಜೀಜ್ ಅವರು ರಚಿಸಿದ ಎಲ್ಮಾ ಎಂಬುದನ್ನು ಜಾಲತಾಣದ ಮೂಲ ಬರಹವನ್ನು ಮುಟ್ಟದೆಯೇ ಜೋಡಿಸಬಹುದು. ೨೦೧೬ರಲ್ಲಿ ಹೊರಬಂದ ಎಎಸ್‌ಪಿ ಡಾಟ್‌ನೆಟ್ ಕೋರ್ ಪದ್ಧತಿಯಲ್ಲಿ ವೆಬ್ ಫಾರ್ಮ್ಸ್‌ಗೆ ಸ್ಥಾನವಿಲ್ಲ. ಅಲ್ಲಿ ಕೋರಿಕೆ ಸಾಗಿಬರುವ ದಾರಿಯ ಮೊದಲಲ್ಲಿಯೇ ಅಪವಾದವನ್ನು ಹಿಡಿಯುವ ಮಿಡಲ್‌ವೇರ್ ಎಂಬ ಏರ್ಪಾಡು ಮೂಲಪುಟದ ಕೆಲಸವನ್ನು ವಹಿಸಿಕೊಂಡಿದೆ. ಆದರೆ ಹಳೆಯ ಡಾಟ್‌ನೆಟ್ ಚೌಕಟ್ಟು ವಿಂಡೋಸ್ ವ್ಯವಸ್ಥೆಯ ಅಂಗವಾಗಿ ಇನ್ನೂ ಉಳಿದಿರುವುದರಿಂದ ವೆಬ್ ಫಾರ್ಮ್ಸ್‌ನ ಪುಟಗಳು ಇಂದಿಗೂ ಓಡುತ್ತಿವೆ. ಅಂತಹ ಹಳೆಯ ಜಾಲತಾಣವೊಂದರ ಪಾಲನೆ ಕೈಗೆ ಬಂದವರು ಮೊದಲು ನೋಡಬೇಕಾದುದು ಪುಟಗಳ ವರ್ಗಗಳು ಯಾವುದರಿಂದ ಹುಟ್ಟಿವೆ ಎಂಬುದನ್ನು. ನೇರವಾಗಿ ಪೇಜ್ ವರ್ಗದಿಂದಲೇ ಹುಟ್ಟಿದ್ದರೆ ನಡುವೆ ಮೂಲಪುಟವನ್ನು ಸೇರಿಸಲು ಪ್ರತಿ ಪುಟದಲ್ಲಿ ಒಂದು ಪದವನ್ನು ಬದಲಿಸಿದರೆ ಸಾಕು.